ಪ್ರೆಸ್ಸಜ್ಜ ಪ್ರಿಂಟರ್ ತಂದದ್ದು

ಪ್ರೆಸ್ಸಜ್ಜನ ಮುತ್ತಜ್ಜ ಮರದಲ್ಲಿ ಅಚ್ಚು ಕೆತ್ತುತ್ತಿದ್ದವನು. ಅಕ್ಷರಮಾಲೆಯಷ್ಟನ್ನೂ ಗಟ್ಟಿ ಮರದಲ್ಲಿ ತಿರುವುಮುರುವಾಗಿ ಕೆತ್ತಿ, ಒಂದಕ್ಷರದ ಕೊಂಬು ಕೂದಲೆಳೆಯಷ್ಟು ಸೊಟ್ಟಗಾದರೂ ಒಲೆಗೆ ಹಾಕುತ್ತಿದ್ದ. ಆ ಮನೆಯಲ್ಲಿ ಸೌದೆಗೆ ಯಾವತ್ತೂ ಬರ ಬರಲಿಲ್ಲ ಎಂದು ಆಗದವರು ಆಡಿಕೊಳ್ಳುತ್ತಿದ್ದರಂತೆ. ಅವನ ಮಗ ಕಬ್ಬಿಣದ ಕೈಯಚ್ಚಿನ ಯಂತ್ರವನ್ನು ಗಾಡಿಗೆ ಹೇರಿ ಹೊಳೆ ದಾಟಿಸಿದ ಧೀರ. ನಡುಹೊಳೆಯಲ್ಲಿ ಗಾಲಿ ಹೂತುಕೊಂಡಾಗ, ಯಂತ್ರ ಮುಳುಗಿದರೆ ನಾನೂ ಮುಳುಗುತ್ತೇನೆ ಎಂದು ಅದರ ಮೇಲೆ ಹತ್ತಿ ಕೂತವನು ಮಾರನೆಯ ದಿನ ಇನ್ನೊಂದು ಜೋಡಿ ಎತ್ತು ಬರುವ ತನಕ ಇಳಿಯಲಿಲ್ಲ. (ನೀರು ಮೊಳಕಾಲಿನ ಮಟ್ಟಕ್ಕಿತ್ತು ಎಂಬ ಮಾತೊಂದಿದೆ. ಮನೆಯವರು ಅದನ್ನು ಒಪ್ಪುವುದಿಲ್ಲ.) ಅವನ ಮಗ, ಅಂದರೆ ನಮ್ಮ ಅಜ್ಜನ ತಂದೆ, ದೀಪವಿಲ್ಲದೆ ಬೆರಳ ತುದಿಯಿಂದಲೇ ಸೀಸದ ಅಚ್ಚುಮೊಳೆ ಜೋಡಿಸಿ ಪುಟ ಕಟ್ಟುತ್ತಿದ್ದ. ತಪ್ಪು ಬರೆದುಕೊಂಡು ಬಂದವನು ಎಂಥ ಅಧಿಕಾರಿಯೇ ಆಗಿರಲಿ, ಕೈಗೆ ಪೆನ್ಸಿಲ್ ಕೊಟ್ಟು ಹೊಸ್ತಿಲಲ್ಲಿ ನಿಲ್ಲಿಸಿ, ತಿದ್ದಿದ ಮೇಲೇ ಒಳಗೆ ಬಿಡುತ್ತಿದ್ದ.

ಇಂಥ ಮೂರು ತಲೆಗಳ ನೆರಳಲ್ಲಿ ಬೆಳೆದವನು ಪ್ರೆಸ್ಸಜ್ಜ. ಅವನು ಶಾಲೆಯ ಮುಖ ಕಂಡದ್ದು ಎರಡು ವರ್ಷ. ಮಿಕ್ಕ ವಿದ್ಯೆಯೆಲ್ಲ ಮೊಳೆಗಳ ಗೂಡಿನಿಂದ ಹೆಕ್ಕಿಕೊಂಡದ್ದು. ಮೊಳೆಯಲ್ಲಿ ಅಕ್ಷರ ಬೆನ್ನು ತಿರುಗಿಸಿ ಕೂತಿರುತ್ತದಲ್ಲ, ಹಾಗಾಗಿ ಮೊದಲ ಒಂದು ವರ್ಷ ಬೀದಿಯ ಅಂಗಡಿ ಹಲಗೆಗಳನ್ನೆಲ್ಲ ಯಾರೋ ತಿಳಿಗೇಡಿಗಳು ಉಲ್ಟಾ ಬರೆದಿದ್ದಾರೆ ಎಂದೇ ಅಂದುಕೊಂಡಿದ್ದ. ಈಗ ಅವನಿಗೆ ಎಪ್ಪತ್ತೆರಡು. ಮುದ್ರಣಾಲಯ ಮುಚ್ಚಿ, ಯಂತ್ರ ಗುಜರಿಗೆ ಹೋಗಿ ಹದಿನಾರು ವರ್ಷ. ಉಳಿದದ್ದು ಬೀದಿಯವರಿಟ್ಟ ಹೆಸರು, ಒಂದು ಭೂತಗನ್ನಡಿ, ಒಂದು ಆಸೆ.

ಆ ಆಸೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಪುಸ್ತಕದ ಕೊನೆಯ ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ 'ಮುದ್ರಣ' ಎಂದು ಹಾಕಿ, ಅದರ ಮುಂದೆ ಅಚ್ಚು ಹಾಕಿದವರ ಹೆಸರಿರುತ್ತದೆ. ನೂರಕ್ಕೆ ಒಬ್ಬರೂ ಓದದ ಸಾಲು ಅದು. ಅಜ್ಜ ಯಾವ ಪುಸ್ತಕ ಕೈಗೆ ಸಿಕ್ಕರೂ ಮೊದಲು ಓದುವುದು ಅದನ್ನೇ. ಅವನ ಮನೆಯಿಂದ ಹೊರಬಿದ್ದ ಪುಸ್ತಕಗಳಲ್ಲಿ ಆ ಸಾಲಿಗೆ ತಾತನ ಹೆಸರು ಬಂತು, ತಂದೆಯ ಹೆಸರು ಬಂತು. ತಂದೆ ಹೋದ ಮೇಲೂ ಗೌರವಕ್ಕೆಂದು ತಂದೆಯ ಹೆಸರನ್ನೇ ಮುಂದುವರಿಸಿದ. ಇನ್ನು ನನ್ನದು ಹಾಕಿದರೆ ತಪ್ಪಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಳ್ಳುವ ಹೊತ್ತಿಗೆ ಯಂತ್ರವೇ ಗುಜರಿಯವನ ಗಾಡಿ ಏರಿತ್ತು. ಊರಿನವರ ಹೆಸರನ್ನೆಲ್ಲ ಅಚ್ಚು ಹಾಕಿದ ಕೈಗೆ ತನ್ನ ಹೆಸರು ಅಚ್ಚು ಹಾಕುವ ಯೋಗ ಬರಲಿಲ್ಲ.

ಹೀಗಿರುವಾಗ ಅಜ್ಜಿ ಒಂದು ಪುಸ್ತಕ ಮಾಡಿದಳು.

ಅಜ್ಜಿ ಮನೆಯ ಮುಂಗೋಣೆಯಲ್ಲಿ ಹನ್ನೆರಡು ಹೆಂಗಸರಿಗೆ ಕಸೂತಿ ಕಲಿಸುತ್ತಾಳೆ. ಮೂರು ವರ್ಷ ಕಣ್ಣು ಕೀಲಿಸಿ ಹದಿನಾಲ್ಕು ವಿನ್ಯಾಸ ಬರೆದಿದ್ದಳು: ಬಳ್ಳಿ, ಹಕ್ಕಿ, ಮೀನು, ಅಂಚಿನ ಹೂವು, ಎಲ್ಲವೂ ಬಣ್ಣದಲ್ಲಿ. ಎರಡು ಬೀದಿ ಆಚೆ ಇರುವ ಮಗಳು ಅವನ್ನು ಕಂಪ್ಯೂಟರಿಗೆ ಏರಿಸಿ ಹದಿನಾರು ಪುಟದ ಕಿರುಪುಸ್ತಕವಾಗಿ ಜೋಡಿಸಿಕೊಟ್ಟಳು. ಬರುವ ಶನಿವಾರ ತರಗತಿಯ ಕೊನೆಯ ದಿನ. ಅಷ್ಟರೊಳಗೆ ಇಪ್ಪತ್ತು ಪ್ರತಿ ಆಗಬೇಕು. ಬೀದಿ ತುದಿಯ ನಕಲು ತೆಗೆಯುವ ಅಂಗಡಿಯಲ್ಲಿ ಒಂದು ಪುಟ ತೆಗೆಸಿ ನೋಡಿದರೆ ಕೆಂಪು ಇಟ್ಟಿಗೆಯಾಗಿತ್ತು, ಹಸಿರು ಪಾಚಿಯಾಗಿತ್ತು. ಕಸೂತಿಯವರು ಪುಟದ ಬಣ್ಣಕ್ಕೆ ನೂಲು ಹೊಂದಿಸುವವರು. ಪುಟ ಸುಳ್ಳು ಹೇಳಿದರೆ ಹಕ್ಕಿಯ ಕೊಕ್ಕಿಗೆ ಇಟ್ಟಿಗೆ ಬಣ್ಣ.

ಮನೆಗೇ ಒಂದು ಪ್ರಿಂಟರ್ ತರೋಣ, ಹೇಗೂ ಮುಂದಿನ ತರಗತಿಗಳಿಗೂ ವಾರವಾರ ಬೇಕಾಗುತ್ತದೆ, ಮಗಳು ನೋಡಿ ತರುತ್ತಾಳೆ ಎಂದಳು ಅಜ್ಜಿ. ಮಗಳಿಗೆ ಕೆಲಸ ಆಸ್ಪತ್ರೆಯ ಕಡತಗಳ ವಿಭಾಗದಲ್ಲಿ. ದಿನವಿಡೀ ಪ್ರಿಂಟರಿಗೆ ಕಾಗದ ಉಣಿಸುವುದೇ ಅವಳ ಅರ್ಧ ಉದ್ಯೋಗ.

ಅಜ್ಜ ಕೂತಲ್ಲಿಂದ ಎದ್ದ. "ಮಗಳು ತರ್ತಾಳಾ? ನಾಲ್ಕು ತಲೆಮಾರು ಅಚ್ಚು ಹಾಕಿದ ಮನೆಗೆ ಅಚ್ಚಿನ ಯಂತ್ರ ಯಾವುದು ಅಂತ ಇನ್ನೊಬ್ಬರು ಹೇಳಬೇಕಾ? ನಾನು ಬದುಕಿದೀನಿ ಕಣೇ."

"ಬದುಕಿದೀರ ಅಂತ ಗೊತ್ತು ರೀ. ಬೆಳಗ್ಗೆಯಿಂದ ಮೂರು ಸಲ ಕಾಫಿ ಕೇಳಿದೀರ," ಎಂದ ಅಜ್ಜಿ ಸೂಜಿಗೆ ನೂಲು ಪೋಣಿಸುತ್ತಲೇ ಷರತ್ತು ಹಾಕಿದಳು. ಹೊಲಿಗೆ ಯಂತ್ರದ ಪಕ್ಕದ ಗೂಡಿನಲ್ಲಿ ಹಿಡಿಯಬೇಕು. ತರಗತಿಯಿಂದ ಅವಳು ಕೂಡಿಟ್ಟದ್ದರೊಳಗೆ ಬರಬೇಕು. ಹಳೆಯ ಯಂತ್ರದ ಹಾಗೆ ಮನೆ ನಡುಗಿಸಬಾರದು. ಆಮೇಲೆ, ಅದೇನೂ ದೊಡ್ಡದಲ್ಲ ಎಂಬಂತೆ ಹೇಳಿದಳು: "ಕೊನೇ ಪುಟದಲ್ಲಿ ಮುದ್ರಣ ಅಂತ ಒಂದು ಸಾಲು ಖಾಲಿ ಬಿಟ್ಟಿದೀನಿ. ಯಾರು ಅಚ್ಚು ಹಾಕ್ತಾರೋ ಅವರ ಹೆಸರು."

ಅಜ್ಜ ಭೂತಗನ್ನಡಿ ಕೈಗೆತ್ತಿಕೊಂಡು ಅಂಗಿಯ ತುದಿಯಿಂದ ಒರೆಸತೊಡಗಿದ. ಇನ್ನು ಅವನನ್ನು ತಡೆಯುವ ಗಂಡಸು ಭೂಮಿಯ ಮೇಲೆ ಹುಟ್ಟಿರಲಿಲ್ಲ. ಹೆಂಗಸಿನ ವಿಚಾರ ಮುಂದೆ ಬರುತ್ತದೆ.

ಸೋಮವಾರ ಬೆಳಗ್ಗೆ ಅಜ್ಜ ಗೂಡನ್ನು ಹುರಿಯಿಂದ ಅಳೆದ. ಅಗಲಕ್ಕೊಂದು ಗಂಟು, ಎತ್ತರಕ್ಕೊಂದು ಗಂಟು, ಆಳಕ್ಕೊಂದು ಗಂಟು. ಹುರಿಯನ್ನು ಒಂದು ಜೇಬಿಗೂ ಭೂತಗನ್ನಡಿಯನ್ನು ಇನ್ನೊಂದು ಜೇಬಿಗೂ ಇಳಿಸಿ, ರಣರಂಗಕ್ಕೆ ಹೊರಟವನಂತೆ ಹೊರಟ.

ಮೊದಲ ಅಂಗಡಿಯವನು ಶಾಯಿ ಚಿಮ್ಮುವ ಪ್ರಿಂಟರ್ ತೋರಿಸಿ, ಮಣ್ಣಿನ ಬೆಲೆಗೆ ಕೊಡುತ್ತೇನೆ ಎಂದ. ಅಜ್ಜ ಅದರ ಮಾದರಿ ಹಾಳೆಯನ್ನು ಈಸಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಹೂವಿನ ಮೇಲೆ ಉಜ್ಜಿದ. ಹೂವು ಬೆರಳಿಗೆ ಬಂತು. ಹೆಂಗಸರು ಬೆವರಿದ ಕೈಯಲ್ಲಿ ಹಿಡಿದು ಹೊಲಿಯುವ ಹಾಳೆ ಇದು, ನಿಮ್ಮ ಹೂವು ಅವರ ಅಂಗೈಯಲ್ಲಿ ಅರಳಿದರೆ ಏನು ಗತಿ ಎಂದು ಕೇಳಿದ. ತಿಂಗಳೊಪ್ಪತ್ತು ಬಳಸದಿದ್ದರೆ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ ಎಂಬ ಸತ್ಯವನ್ನೂ ಅಂಗಡಿಯವನ ಬಾಯಿಂದಲೇ ಹೊರಡಿಸಿ ಹೊರಬಿದ್ದ. ಎರಡನೆಯ ಅಂಗಡಿಯಲ್ಲಿ ಇದ್ದದ್ದು ಶಾಯಿ ಚಿಮ್ಮುವ ಬಗೆಯದಲ್ಲ, ಲೇಸರ್ ಪ್ರಿಂಟರ್, ಆದರೆ ದವಸದ ಪೆಟ್ಟಿಗೆಯಷ್ಟು ದೊಡ್ಡದು. ಹುರಿಯ ಮೂರು ಗಂಟಿಗೂ ಅದು ಮರ್ಯಾದೆ ಕೊಡಲಿಲ್ಲ.

ಮೂರನೆಯ ಅಂಗಡಿಯಲ್ಲಿ ಟೈ ಕಟ್ಟಿದ ನಡುವಯಸ್ಸಿನ ಮಾರಾಟಗಾರನೊಬ್ಬನಿದ್ದ. ಮನೆಗೆಂದೇ ಮಾಡಿದ ಪುಟ್ಟ ಬಣ್ಣದ ಲೇಸರ್ ಪ್ರಿಂಟರುಗಳು ಎರಡಿವೆ ಎಂದು ಪಕ್ಕಪಕ್ಕದಲ್ಲಿ ತೋರಿಸಿದ. ಇದರಲ್ಲಿ ಶಾಯಿ ಇಲ್ಲ, ನಾಲ್ಕು ಬಣ್ಣದ ಪುಡಿ, ಪುಡಿಯನ್ನು ಕಾಗದದ ಮೇಲೆ ಬಿಸಿಯಿಂದ ಕರಗಿಸಿ ಅಂಟಿಸುತ್ತದೆ, ವರ್ಷ ಬಿಟ್ಟು ಬಳಸಿದರೂ ಒಣಗುವ ಮಾತಿಲ್ಲ ಎಂದು ವಿವರಿಸಿದ. ಪುಡಿಯಿಂದ ಅಚ್ಚು ಎಂಬುದು ಅಜ್ಜನಿಗೆ ಹಿಟ್ಟಿನಿಂದ ಗೋಡೆ ಕಟ್ಟಿದಂತೆ ಕೇಳಿಸಿತು. ಆದರೂ ಹಾಳೆಯ ಮೇಲೆ ಎಂಜಲ ಬೆರಳು ಉಜ್ಜಿ ನೋಡಿದ. ಬಣ್ಣ ಮಿಸುಕಲಿಲ್ಲ. ಭೂತಗನ್ನಡಿ ಇಟ್ಟು ನೋಡಿದ. ನಾಲ್ಕು ಬಣ್ಣದ ಚುಕ್ಕೆಗಳು ಒಂದರ ಮೇಲೊಂದು ಕದಲದೆ ಕೂತಿದ್ದವು. ಕೊನೆಗೆ ಹಾಳೆಯನ್ನು ಮೂಸಿಯೂ ನೋಡಿದ. ಇಪ್ಪತ್ತು ವರ್ಷದಲ್ಲಿ ಹಾಳೆ ಮೂಸಿದ ಗಿರಾಕಿ ನೀವೇ ಮೊದಲು ಎಂದ ಟೈಯವನು.

"ಯಂತ್ರದ ಬೆಲೆ ಆಮೇಲೆ ಹೇಳು," ಎಂದ ಅಜ್ಜ. "ಪುಡಿ ಮುಗಿದ ಮೇಲೆ ಹೊಸ ಪುಡಿಗೆ ಎಷ್ಟು?"

ಟೈಯವನ ದನಿ ಅಲ್ಲಿಯ ತನಕ ಜಾಗಟೆಯಂತಿತ್ತು, ಈಗ ಸೊಳ್ಳೆಯಂತಾಯಿತು. ಅಗ್ಗದ ಪ್ರಿಂಟರಿನ ನಾಲ್ಕು ಪುಡಿಡಬ್ಬಿಯ ಬೆಲೆ ಪ್ರಿಂಟರಿನ ಬೆಲೆಯನ್ನೇ ಮೀರಿತ್ತು. ಜೊತೆಗೆ ಬರುವ ಮೊದಲ ಡಬ್ಬಿಗಳೂ ಅರ್ಧ ತುಂಬಿದವಂತೆ. ಮೂಗಿಗಿಂತ ಮೂಗುತಿ ಭಾರ ಎಂದು ಅಜ್ಜ ಅದನ್ನು ಅಲ್ಲೇ ಬಿಟ್ಟ. ಇನ್ನೊಂದು ತುಸು ದುಬಾರಿ, ಆದರೆ ಪುಡಿ ಅಗ್ಗ, ಹಾಳೆಯ ಎರಡು ಮಗ್ಗುಲಿಗೂ ತಾನೇ ತಿರುಗಿಸಿ ಅಚ್ಚು ಹಾಕುತ್ತದೆ. ಬಾಯಿ ತೆರೆಸಿ, ಹಿಂಬಾಗಿಲು ತೆರೆಸಿ, ಎಲ್ಲ ತೆರೆದಾಗಲೂ ಹುರಿಯ ಗಂಟಿನೊಳಗೇ ನಿಲ್ಲುವುದನ್ನು ಖಾತ್ರಿ ಮಾಡಿಕೊಂಡ. ಒಂದು ಮೂಲೆ ಹಿಡಿದು ಎತ್ತಿ, ನಮ್ಮ ಯಂತ್ರದ ಒಂದು ಗಾಲಿಯೇ ಇದಕ್ಕಿಂತ ಭಾರವಿತ್ತು ಎಂದು ನಿಟ್ಟುಸಿರು ಬಿಟ್ಟು ಒಪ್ಪಿಗೆ ಕೊಟ್ಟ. ಏನಾದರೂ ತೊಂದರೆಯಾದರೆ ಫೋನ್ ಮಾಡಿ, ನಾನೇ ಬರುತ್ತೇನೆ ಎಂದ ಟೈಯವನು. ಅಜ್ಜ ಅವನನ್ನು ನೋಡಿ ನಕ್ಕ.

ನ್ಯಾಯವಾಗಿ ಹೇಳಬೇಕೆಂದರೆ ಆ ಆಯ್ಕೆಯಲ್ಲಿ ಕೂದಲು ಸೀಳಿದರೂ ತಪ್ಪು ಸಿಗುವಂತಿರಲಿಲ್ಲ. ಮಗಳೇ ಆರಿಸಿದ್ದರೂ ಅದನ್ನೇ ಆರಿಸುತ್ತಿದ್ದಳು. ಅದನ್ನು ಅವಳು ಬಾಯಿಬಿಟ್ಟು ಹೇಳಿದ್ದೇ ಕೆಲಸ ಕೆಡಿಸಿತು. ಅಜ್ಜನ ತಲೆಯಲ್ಲಿದ್ದ ಕೋಡು ಇನ್ನೊಂದು ಗೇಣು ಬೆಳೆಯಿತು.

ಬುಧವಾರ ಸಂಜೆ ಪ್ರಿಂಟರ್ ಗೂಡಿನಲ್ಲಿ ಕೂತಿತು. ಕಂಪ್ಯೂಟರಿಗೆ ತಂತಿ ಸಿಕ್ಕಿಸುವಷ್ಟು ಅಧಿಕಾರ ಮಾತ್ರ ಮಗಳಿಗೆ ಸಿಕ್ಕಿತು. ಅವಳು ಸುಮ್ಮನೆ ಒಂದು ಹಾಳೆ ತೆಗೆದು ನೋಡಿದಳು. ಮೀನು ಈಗಷ್ಟೇ ನೀರಿಂದೆದ್ದಂತೆ ಬಂತು. ಶುಕ್ರವಾರ ರಜೆ ಹಾಕಿ ಬರುತ್ತೇನೆ, ಒಟ್ಟಿಗೆ ಮುಗಿಸೋಣ ಎಂದಳು. ಬೇಕಿಲ್ಲ ಎಂದ ಅಜ್ಜ.

ಇಲ್ಲಿ ಅವನ ಮನೆತನದ ಗುಟ್ಟೊಂದು ಹೇಳಬೇಕು. ಹಳೆಯ ಅಚ್ಚಿನವರು ಒಳ್ಳೆಯ ಕೆಲಸವಿದ್ದಾಗ ಕಾಗದವನ್ನು ಹಿಂದಿನ ದಿನವೇ ಹದ ಮಾಡುತ್ತಿದ್ದರು. ಐದು ಹಾಳೆಗೊಂದು ಹಾಳೆಯನ್ನು ನೀರಿನಲ್ಲಿ ಅದ್ದಿ, ಒಣ ಹಾಳೆಗಳ ನಡುವೆ ಸೇರಿಸಿ, ಕಟ್ಟಿನ ಮೇಲೆ ಭಾರ ಹೇರಿ ಬಿಡುವುದು. ಮರುದಿನಕ್ಕೆ ತೇವ ಎಲ್ಲ ಹಾಳೆಗೂ ಸಮನಾಗಿ ಹಂಚಿಹೋಗಿ, ಕಾಗದ ಮೆತ್ತಗಾಗಿ, ಕೂಸು ಹಾಲು ಕುಡಿದಂತೆ ಶಾಯಿ ಕುಡಿಯುತ್ತದೆ. ಎಲ್ಲರ ಅಚ್ಚು ಕಾಗದದ ಮೇಲೆ ಕೂರುತ್ತದೆ, ನಮ್ಮ ಅಚ್ಚು ಕಾಗದದೊಳಗೆ ಇಳಿಯುತ್ತದೆ ಎಂದು ಅಜ್ಜನ ತಂದೆ ಹೇಳುತ್ತಿದ್ದನಂತೆ. ಅಜ್ಜನ ಲೆಕ್ಕ ಸರಳ: ಹದ ಮಾಡದ ಬಡಕಲು ಕಾಗದಕ್ಕೇ ಮೀನು ಹೀಗೆ ಬಂದರೆ, ಹದ ಮಾಡಿದ ಕಾಗದಕ್ಕೆ ಅದು ಬಾಲ ಆಡಿಸದೆ ಇದ್ದೀತೆ?

ಗುರುವಾರ ಮಧ್ಯಾಹ್ನ ಅಜ್ಜಿ ನೂಲು ತರಲು ಹೋದಾಗ, ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಹಿತ್ತಿಲಲ್ಲಿ ಕೂತ. ಬೇಕಿದ್ದದ್ದು ಎಂಬತ್ತು ಹಾಳೆ. ಕೈತಪ್ಪಿಗೆಂದು ನೂರು ಹದ ಮಾಡಿದ. ಎರಡು ಹಲಗೆಯ ನಡುವೆ ಕಟ್ಟನ್ನಿಟ್ಟು, ಮೇಲೆ ಕಬ್ಬಿಣದ ಪೆಟ್ಟಿಗೆಯನ್ನೂ ಅದರ ಮೇಲೆ ಸ್ವಲ್ಪ ಹೊತ್ತು ತನ್ನನ್ನೂ ಹೇರಿದ.

ಶುಕ್ರವಾರ ಬೆಳಗ್ಗೆ ಅಜ್ಜಿಯನ್ನು ಮುಂಗೋಣೆಯಿಂದ ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿಕೊಂಡ. ಕಾಗದ ಹದವಾಗಿತ್ತು, ಬಾಳೆಯ ಸುಳಿಯಂತೆ ಬಳುಕುತ್ತಿತ್ತು. ತಟ್ಟೆಯಲ್ಲಿ ಜೋಡಿಸಿ, ಮಗಳು ಚೀಟಿಯಲ್ಲಿ ಬರೆದಿಟ್ಟಿದ್ದ ಗುಂಡಿ ಒತ್ತಿದ.

ಪ್ರಿಂಟರ್ ಒಂದು ಹಾಳೆ ಎಳೆಯಲು ಹೋಗಿ ಮೂರನ್ನು ಒಟ್ಟಿಗೆ ನುಂಗಿತು. ಒಳಗೆ ಯಾರೋ ಒಣ ಎಲೆ ಮುದುರಿದ ಸದ್ದು. ಮೇಲಿನ ಕಿಂಡಿಯಿಂದ ಬೆಳ್ಳಗೆ ಹಬೆ ಎದ್ದಿತು. ಯಂತ್ರ ಉಸಿರಾಡುತ್ತಿದೆ, ಕೆಲಸ ಮೈಗೆ ಹಿಡಿಯಿತು ಎಂದುಕೊಂಡ ಅಜ್ಜ. ಹೊರಬಂದ ಹಾಳೆ ಸುರುಳಿ ಸುತ್ತಿಕೊಂಡಿತ್ತು. ಬಿಡಿಸಿ ನೋಡಿದರೆ ಮೀನಿಗೆ ತಲೆ ಇದೆ, ಒಡಲಿಲ್ಲ. ಹಕ್ಕಿಯ ಬಣ್ಣ ಬೆರಳು ತಾಗಿದೊಡನೆ ಹಾರಿಹೋಯಿತು. ಮತ್ತೆ ಒತ್ತಿದ. ಮತ್ತೆ ಹಬೆ, ಮತ್ತೆ ಸದ್ದು, ಕೊನೆಗೊಂದು ಕೆಂಪು ದೀಪ. ಅಜ್ಜ ಮುಂಬಾಗಿಲು ತೆಗೆದ, ಹಿಂಬಾಗಿಲು ತೆಗೆದ, ಒಳಗೆ ಸಿಕ್ಕ ಹಾಳೆಯನ್ನು ತುದಿ ಹಿಡಿದು ಸೆಳೆದ. ಅರ್ಧ ಹಾಳೆ ಬಂತು, ಜೊತೆಗೆ ಅಂಟದೆ ಉಳಿದ ಪುಡಿಯೂ ಬಂತು. ಕೈಯಿಂದ ಮುಖದ ಬೆವರು ಒರೆಸಿಕೊಂಡ. ಮೀಸೆಯ ಎಡಗಡೆ ಗುಲಾಬಿ, ಬಲಗಡೆ ನೀಲಿ, ಮೂಗಿನ ಮೇಲೆ ಹಳದಿ. ಕಪ್ಪು ಹಣೆಗೆ ಹೋಗಿತ್ತು.

ಬಾಗಿಲು ತೆರೆದ ಅಜ್ಜಿ ಮೊದಲು ಪ್ರಿಂಟರನ್ನು ನೋಡಿದಳು, ಆಮೇಲೆ ಗಂಡನನ್ನು. "ಬಣ್ಣ ಎಲ್ಲ ಸರಿಯಾಗೇ ಬಂದಿದೆ. ಹಾಳೆ ಮೇಲೆ ಬಂದಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

ಮೋಸ, ಕಳಪೆ ಮಾಲು, ಟೈ ಕಟ್ಟಿದವರನ್ನು ನಂಬಬಾರದು ಎಂದು ಅಜ್ಜ ಗುಡುಗಿದ. ಮಗಳಿಗೆ ಹೇಳೋಣವೇ ಎಂದಳು ಅಜ್ಜಿ. ಬೇಡ, ಮಾರಿದವನೇ ಬರಲಿ, ಬಂದು ಇದನ್ನು ಹೊತ್ತುಕೊಂಡು ಹೋಗಲಿ ಎಂದು ತಾನೇ ಫೋನ್ ಮಾಡಿದ.

ಟೈಯವನು ಕೊಟ್ಟ ಮಾತಿನಂತೆ ಮಧ್ಯಾಹ್ನ ಬಂದ. ಅವನ ಹಿಂದೆಯೇ ಮಗಳೂ ಬಂದಳು. (ಯಾರು ಹೇಳಿಕಳಿಸಿದರೆಂದು ಅಜ್ಜ ಕೇಳಲಿಲ್ಲ, ಅಜ್ಜಿ ಹೇಳಲಿಲ್ಲ.) ಟೈಯವನು ಟೈಯನ್ನು ಅಂಗಿಯೊಳಗೆ ತುರುಕಿಕೊಂಡು, ಪ್ರಿಂಟರಿನ ಹೊಟ್ಟೆಯಿಂದ ಹರಿದ ಚೂರುಗಳನ್ನು ಒಂದೊಂದಾಗಿ ಹೆರಿಗೆ ಮಾಡಿಸಿದ. ಆಮೇಲೆ ತಟ್ಟೆಯಲ್ಲಿದ್ದ ಹಾಳೆಯೊಂದನ್ನು ಎತ್ತಿ ಎರಡು ಬೆರಳಿನ ನಡುವೆ ಹಿಸುಕಿದ.

"ಯಜಮಾನ್ರೇ, ಈ ಕಾಗದ ಒದ್ದೆ ಇದೆಯಲ್ಲ."

"ಒದ್ದೆ ಅಲ್ಲ. ಹದ."

"ನೀರಲ್ಲಿ ಬಿದ್ದಿತ್ತಾ?"

"ಬಿದ್ದಿರಲಿಲ್ಲ. ನಾನೇ ಅದ್ದಿದ್ದು."

ಮಗಳು ಗೋಡೆಯ ಕಡೆ ತಿರುಗಿ ನಿಂತಳು. ಅವಳ ಬೆನ್ನು ಅಲುಗುತ್ತಿತ್ತು. ಟೈಯವನು ತಾಳ್ಮೆಯವನು, ಪ್ರಿಂಟರಿನ ಜೊತೆ ಬಂದ ಪುಸ್ತಕ ಓದಿದಿರಾ ಎಂದು ಮೆಲ್ಲಗೆ ಕೇಳಿದ.

"ಓದಿದ್ರಾ ಅಂತ ಕೇಳ್ತೀಯಲ್ಲ. ಪೂರ್ತಿ ತಿದ್ದಿದೀನಿ," ಎಂದ ಅಜ್ಜ, ಮೇಜಿನ ಖಾನೆಯಿಂದ ಪುಸ್ತಕ ತೆಗೆದು ಅವನ ಮುಂದಿಟ್ಟ. ನಲವತ್ತು ಪುಟದಲ್ಲಿ ಹನ್ನೊಂದು ತಪ್ಪು ಹಿಡಿದಿದ್ದೇನೆ, ನಿಮ್ಮ ಕಂಪನಿಯವರಿಗೆ ಕಳಿಸಿಕೊಡು ಎಂದ. ಪುಟಪುಟಕ್ಕೂ ಅಂಚಿನಲ್ಲಿ ಕೆಂಪು ಪೆನ್ಸಿಲಿನ ಗೀಟು. ಕರಡು ತಿದ್ದುವ ಕಣ್ಣು ಹಾಗೆಯೇ, ಅಕ್ಷರ ಬಿಟ್ಟರೆ ಬೇರೇನನ್ನೂ ಅದು ಕಾಣುವುದಿಲ್ಲ.

ಅಜ್ಜಿ ಕನ್ನಡಕ ಏರಿಸಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. ಒಂಬತ್ತನೆಯ ಪುಟದಲ್ಲಿ ಅವಳ ಬೆರಳು ನಿಂತಿತು. "'ಒಣಗಿದ ಕಾಗದವನ್ನೇ ಬಳಸಿ. ತೇವವಿರುವ ಕಾಗದ ಹಾಕಿದರೆ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತದೆ.' ಈ ಸಾಲಿನ ಪಕ್ಕ ಗೀಟು ಹಾಕಿದೀರಲ್ಲ. ಏನದು ರೀ?"

ಅಜ್ಜ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಎರಡು ಪದದ ಮಧ್ಯೆ ಜಾಗ ಜಾಸ್ತಿ ಬಿಟ್ಟಿದ್ರು," ಎಂದ.

ಟೈಯವನು ಒಳಭಾಗ ಒರೆಸಿ ಒಣಗಿಸಿ, ಪ್ರಿಂಟರಿಗೆ ಜೀವಕ್ಕೇನೂ ಅಪಾಯವಿಲ್ಲ ಎಂದು ಹೇಳಿ ಹೋದ. ಮೀಸೆಯ ಪುಡಿ ಬಿಸಿ ನೀರಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ, ತಣ್ಣೀರಲ್ಲೇ ತೊಳೆಯಿರಿ ಎಂದು ಬಾಗಿಲಲ್ಲಿ ನಿಂತು ಬುದ್ಧಿ ಹೇಳಿದ. ಮಗಳು ಹೋಗಿ ಹೊಸ ಕಾಗದದ ಕಟ್ಟು ತಂದಳು. ಅಜ್ಜಿ ಎರಡು ಕೈಯನ್ನೂ ಸೆರಗಿಗೆ ಒರೆಸಿಕೊಂಡು, ಒಣ ಹಾಳೆ ತುಂಬಿ, ಗುಂಡಿ ಒತ್ತಿದಳು. ಜನ್ಮದಲ್ಲಿ ಒಂದು ಚೀಟಿಯನ್ನೂ ಅಚ್ಚು ಹಾಕದವಳು. ಪ್ರಿಂಟರ್ ಸುಯ್ ಎಂದು ಒಂದೊಂದೇ ಹಾಳೆಯನ್ನು ಬೆಚ್ಚಗೆ ಹೊರಗಿಡತೊಡಗಿತು. ಅಜ್ಜಿ ಕೆಂಪು ನೂಲಿನ ಉಂಡೆಯನ್ನು ಹಕ್ಕಿಯ ಕೊಕ್ಕಿನ ಪಕ್ಕ ಹಿಡಿದು ನೋಡಿದಳು. ಯಾವುದು ನೂಲು, ಯಾವುದು ಅಚ್ಚು ಎಂದು ಹೇಳಲಾಗುತ್ತಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜನಿಗೆ ತಡೆಯಲಾಗಲಿಲ್ಲ. ಬಂದು, ಭೂತಗನ್ನಡಿ ಇಟ್ಟು ನೋಡಿ, ಪರವಾಗಿಲ್ಲ ಎಂದ. ಅವನ ಬಾಯಲ್ಲಿ ಅದು ಬಿರುದು ಕೊಟ್ಟಂತೆ.

ಕೊನೆಗೆ ಉಳಿದದ್ದು ಹೊದಿಕೆಯ ಹಾಳೆ, ಕೊನೆಯ ಪುಟ ಅದರಲ್ಲೇ ಇತ್ತು. ಅಜ್ಜಿ ಮಗಳಿಗೆ ಕಣ್ಣಲ್ಲೇ ಏನೋ ಹೇಳಿದಳು. ಮಗಳು ಕಂಪ್ಯೂಟರಿನಲ್ಲಿ ಕುಟ್ಟಿ ಪರದೆಯನ್ನು ಅಪ್ಪನತ್ತ ತಿರುಗಿಸಿದಳು. 'ಮುದ್ರಣ' ಎಂಬ ಪದದ ಮುಂದೆ ಅಜ್ಜನ ಪೂರ್ತಿ ಹೆಸರು, ತಂದೆಯ ಹೆಸರಿನೊಂದಿಗೆ, ಒಂದಕ್ಷರ ತಪ್ಪಿಲ್ಲದೆ ನಿಂತಿತ್ತು. ಮನೆಯೊಳಗಿನ ಮಾತು ಯಾರಿಗೂ ಗೊತ್ತಾಗಬೇಕಿಲ್ಲ ಎಂದಳು ಅಜ್ಜಿ. ಪ್ರಿಂಟರ್ ಆರಿಸಿದವರು ನೀವೇ ತಾನೇ ಎಂದಳು ಮಗಳು.

ಅಜ್ಜ ಆ ಸಾಲನ್ನು ಎರಡು ಸಲ ಓದಿದ. ಮೂರನೆಯ ಸಲ ಭೂತಗನ್ನಡಿ ಹಿಡಿದು ಓದಿದ.

"ಅಳಿಸು," ಎಂದ. "ಆ ಸಾಲು ಸುಳ್ಳು ಹೇಳೋ ಸಾಲಲ್ಲ. ಗುಂಡಿ ಒತ್ತಿದ್ದು ಯಾರು, ನಿಮ್ಮಮ್ಮ. ಅವಳ ಹೆಸರು ಹಾಕು." ಅಷ್ಟು ಹೇಳಿ, ಮೀಸೆ ತೊಳೆದುಕೊಳ್ಳುವ ನೆಪ ಹೇಳಿ ಹಿತ್ತಿಲಿಗೆ ಹೋದವನು ಒಂದು ಗಂಟೆ ಈಚೆಗೆ ಬರಲಿಲ್ಲ. ಪುಸ್ತಕ ಮಡಿಸಿ ಹೊಲಿದದ್ದು ತಾಯಿ ಮಗಳೇ. ಅಜ್ಜ ಅದನ್ನು ಬಿಚ್ಚಿ ಕೂಡ ನೋಡಲಿಲ್ಲ. ಯಾವ ಪುಸ್ತಕ ಬಂದರೂ ಕೊನೆಯ ಪುಟಕ್ಕೆ ಹಾರುವವನು ಈ ಪುಸ್ತಕದ ಕೊನೆಯ ಪುಟ ತನಗೆ ಗೊತ್ತು ಎಂದುಕೊಂಡಿದ್ದ.

ಶನಿವಾರ ಬೆಳಗ್ಗೆ ಹನ್ನೆರಡು ಹೆಂಗಸರೂ ಬಂದು ಮುಂಗೋಣೆ ತುಂಬಿದರು. ಮೀನು ನೋಡಿ ನಾಲಗೆ ಚಪ್ಪರಿಸಿದರು, ಹಕ್ಕಿಗೆ ನೂಲು ಹೊಂದಿಸಿದರು. ಅವರಲ್ಲಿ ಹಾಲಿನ ಅಂಗಡಿಯ ಹೆಂಗಸು ಎಲ್ಲವನ್ನೂ ಕೊನೆಯಿಂದ ಓದುವವಳು, ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದಳು. ಮುದ್ರಣ ಎಂದು ಅಜ್ಜಿಯ ಹೆಸರಿತ್ತು. ಅದರ ಕೆಳಗೆ, ಅಜ್ಜ ಹಿತ್ತಿಲಲ್ಲಿದ್ದಾಗ ಹುಟ್ಟಿಕೊಂಡ ಇನ್ನೊಂದು ಸಾಲಿತ್ತು. 'ಕಾಗದ ಹದ ಮಾಡಿದವರು' ಎಂದು ಅಜ್ಜನ ಪೂರ್ತಿ ಹೆಸರು, ಇಪ್ಪತ್ತು ಪ್ರತಿಯಲ್ಲೂ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಕಾಗದ ಹದ ಮಾಡುವುದು ಎಂದರೇನು ಎಂದು ಕೇಳಿದಳು ಅವಳು. ಅಜ್ಜಿ ಅವರನ್ನೆಲ್ಲ ಅಡುಗೆಮನೆಗೆ ಕರೆದೊಯ್ದು ಹಿತ್ತಿಲ ಬಾಗಿಲು ತೆರೆದಳು.

ಹಿತ್ತಿಲಿನ ಈ ಕೊನೆಯಿಂದ ಆ ಕೊನೆಗೆ ಮೂರು ಸಾಲು ಹಗ್ಗ. ಪ್ರಿಂಟರ್ ನುಂಗಿ ಹಾಳು ಮಾಡಿದ್ದು ಬಿಟ್ಟು ಉಳಿದ ಹಾಳೆಗಳೆಲ್ಲ ಬಟ್ಟೆಯ ಕ್ಲಿಪ್ಪಿನಲ್ಲಿ ತೂಗುತ್ತಿದ್ದವು. ನಡುವೆ ಅಜ್ಜ, ಬಾಯಲ್ಲಿ ಎರಡು ಕ್ಲಿಪ್ಪು ಕಚ್ಚಿಕೊಂಡು, ಮೀಸೆಯಲ್ಲಿ ಇನ್ನೂ ಒಂದಿಷ್ಟು ಗುಲಾಬಿ ಉಳಿಸಿಕೊಂಡು, ಗಾಳಿಗೆ ಹಾರುವ ಹಾಳೆಯೊಂದನ್ನು ಅಟ್ಟಿಸಿಕೊಂಡು ಹೋಗುತ್ತಿದ್ದ. ಹೆಂಗಸರೆಲ್ಲ ಪುಸ್ತಕ ಹಿಡಿದುಕೊಂಡೇ ಹಿತ್ತಿಲಿಗೆ ಇಳಿದರು. ಹಾಲಿನ ಅಂಗಡಿಯವಳು ಅವನ ಮುಂದೆ ಕೊನೆಯ ಪುಟ ಬಿಚ್ಚಿ ಹಿಡಿದು, ಇದು ನೀವೇನಾ ಅಜ್ಜ ಎಂದು ಕೇಳಿದಳು. ಅಜ್ಜ ಓದಿದ. ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ಅವಳು ಆಕಾಶ ನೋಡುತ್ತಿದ್ದಳು. ಆ ಹೊತ್ತಿಗೆ ಹನ್ನೆರಡು ಜೊತೆ ಕೈಗಳು ಹಗ್ಗದ ಕಡೆ ಚಾಚಿದ್ದವು, ಬಿಡಿ ಅಜ್ಜ, ನಾವು ಒಂದು ಕೈ ಹಾಕುತ್ತೇವೆ ಎಂದು.

ಅಜ್ಜ ಬಾಯಿಂದ ಕ್ಲಿಪ್ಪು ತೆಗೆದು ಬೆನ್ನು ನೆಟ್ಟಗೆ ಮಾಡಿದ.

"ಯಾರೂ ಮುಟ್ಟಬೇಡಿ. ಅಲ್ಲಿ ನನ್ನ ಹೆಸರು ಅಚ್ಚಾಗಿದೆ, ಹಾಗಾಗಿ ಇದು ನನ್ನ ಕೆಲಸ. ನೆನೆಸಿದವನು ನಾನು, ಒಣಗಿಸೋನೂ ನಾನೇ."